ಗೇಟಿಗೆ ಕಟ್ಟಿದ್ದ ಗಂಟು

"ಅತ್ತೆ, ನನ್ನ ಕಣ್ಣು ನೋಡಿ ಹೇಳಿ. ಆ ಮಳೆ ಬಂದು ಹೋದಮೇಲೆ ಈ ಮನೇಲಿ ಒಂದು ಸಲ ಆದ್ರೂ ಚೀಸ್ ಮಾಡಿದ್ದೀರಾ?"

ದೋನ್ಯಾ ಕಾಸಿಲ್ದಾ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಯಾವುದರಲ್ಲಿ ಮಾಡ್ಲಿ? ನನ್ನ ಕಣ್ಣೀರಲ್ಲಾ? ಹಾಲು ಕೊಡೋ ಒಂದು ಆಡಾದ್ರೂ ಇದೆಯಾ ಈ ಹಟ್ಟೀಲಿ? ಅದೋ, ಆ ಕುಂಟಿ ಒಬ್ಬಳು ಉಳ್ಕೊಂಡಿದ್ದಾಳೆ. ಅವಳಿಗೂ ನನಗೂ ಹಾಲು ಬತ್ತಿ ಯಾವ ಕಾಲ ಆಯ್ತೋ."

ಬಾಗಿಲಾಚೆ ಕಾಡು ಅಂಜೂರದ ನೆರಳಲ್ಲಿ ಮಲಗಿದ್ದ ಕುಂಟ ಆಡು ತನ್ನ ಸುದ್ದಿ ಬಂತೆಂದು ಗೊತ್ತಾದವಳ ಹಾಗೆ ಕಿವಿ ಒದರಿತು.

"ಬೇರೆಯವರ ಮನೆಯಿಂದ ಹಾಲು ತಂದು?"

"ನಾನಾ? ಕಂಡೋರ ಹಾಲಲ್ಲಿ ಚೀಸಾ?" ಕಾಸಿಲ್ದಾ ಈಗ ತಿರುಗಿದಳು. ಮುಖವೆಲ್ಲ ಹಿಟ್ಟು. "ಲಾ ಪಾಸ್ ಪೇಟೆ ಸೇರಿ ನಿನಗೆ ಮಾನ ಮರ್ಯಾದೆ ಎಲ್ಲ ಮರೆತು ಹೋಗಿದೆ ಕಣೇ. ಏನಾಯ್ತು ಅಂತ ನೆಟ್ಟಗೆ ಹೇಳು. ಅಷ್ಟು ದೂರದಿಂದ ಜೀಪಿನಲ್ಲಿ ಮೈ ಕುಲುಕಿಸ್ಕೊಂಡು ಬಂದಿದ್ದು ಚೀಸ್ ತಿನ್ನೋಕಲ್ಲ."

ಸೆನೈದಾ ಒಲೆಯ ಪಕ್ಕಕ್ಕೆ ಬಂದು ನಿಂತಳು. ಹೋದ ವರ್ಷದ ಚುಬಾಸ್ಕೊ ಬಿರುಮಳೆಯಲ್ಲಿ ಕಾಸಿಲ್ದಾಳ ಮಗ, ಸೆನೈದಾ ಮನಸ್ಸಿಟ್ಟಿದ್ದ ಲಿಬ್ರಾದೊ, ತಾಯಿಯ ಆಡಿನ ಮಂದೆಯ ಜೊತೆಗೇ ಕಮರಿಯ ಪ್ರವಾಹದಲ್ಲಿ ಕೊಚ್ಚಿಹೋದನೆಂದು ಇಡೀ ಬೆಟ್ಟಸಾಲು ನಂಬಿತ್ತು. ಹೆಣ ಸಿಕ್ಕಿರಲಿಲ್ಲ. ಅವನ ಹೇಸರಗತ್ತೆಯೊಂದೇ ಮನೆಗೆ ಬಂದಿತ್ತು. ಈ ಭಾನುವಾರ ಸಾನ್ ಇಗ್ನಾಸಿಯೊದಿಂದ ಪಾದ್ರಿ ಬಂದು ವರ್ಷದ ಪ್ರಾರ್ಥನೆ ಮುಗಿಸಿದರೆ, ಅಲ್ಲಿಗೆ ಲಿಬ್ರಾದೊ ಸತ್ತವರ ಲೆಕ್ಕಕ್ಕೆ ಸೇರಿಹೋಗುತ್ತಿದ್ದ. ತಾಯಿ ಕಪ್ಪು ಬಟ್ಟೆ ತೆಗೆದಿಡಬಹುದಿತ್ತು. ಸೆನೈದಾ ಇನ್ನೊಬ್ಬನಿಗೆ ಹೂಂ ಅನ್ನಬಹುದಿತ್ತು.

"ಹೋದ ವಾರ ಎಲ್ ಬತೇಕೆಯ ನಿಕಾಸಿಯೊ ನಮ್ಮ ಲ್ಯಾಬಿಗೆ ಕಳಿಸಿದ ಸಿಂಹದ ಹಿಕ್ಕೆ ಇದೆಯಲ್ಲ ಅತ್ತೆ, ಅದರ ಮೇಲೆ ನಿಮ್ಮ ಆಡುಗಳ ಗುರುತು ಸಿಕ್ಕಿದೆ."

ಕಾಸಿಲ್ದಾ ಇನ್ನೊಂದು ಉಂಡೆ ಹಿಟ್ಟು ಎತ್ತಿಕೊಂಡಳು. ಆಮೇಲೆ ಮತ್ತೆ ಒಲೆಯ ಕಡೆ ತಿರುಗಿದಳು.

"ಸಿಂಹ ನನ್ನ ಆಡು ತಿಂತು ಅಂತ ಹೇಳೋಕೆ ಇಷ್ಟು ದೂರ ಬಂದೆಯಾ? ತಿನ್ನಲಿ ಬಿಡು. ಅದಕ್ಕೂ ಹೊಟ್ಟೆ ಇದೆ."

"ತಿಂದಿಲ್ಲ ಅತ್ತೆ. ಅದೇ ವಿಷಯ. ತಿಂದಿಲ್ಲ!"

ಸೆನೈದಾಳ ಕೆಲಸವೇ ಅದು. ಈ ಮರುಭೂಮಿಯ ಬೆಟ್ಟಗಳಲ್ಲಿ ಸಿಂಹವನ್ನು ಕಣ್ಣಾರೆ ಕಂಡವರು ಕಡಿಮೆ. ಇಲ್ಲಿ ಸಿಂಹ ಅಂದರೆ ಪ್ಯೂಮಾ, ಕೇಸರವಿಲ್ಲದ, ಕಲ್ಲಿನ ಬಣ್ಣದ ಪ್ರಾಣಿ. ಎದುರಿಗೇ ಮಲಗಿದ್ದರೂ ಬಂಡೆ ಅಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ದಾರಿಯ ಮೇಲೆ ಅದು ಬಿಟ್ಟುಹೋದ ಹಿಕ್ಕೆ ಸುಳ್ಳು ಹೇಳುವುದಿಲ್ಲ. ಹೊರಮೈ ಕೆರೆದು ನೋಡಿದರೆ ಇದು ಯಾವ ಸಿಂಹ, ಗಂಡೋ ಹೆಣ್ಣೋ, ಯಾರ ಮಗಳು ಎಂದು ಡಿಎನ್‌ಎ ಹೇಳುತ್ತದೆ. ಒಳಗಿನದನ್ನು ನೋಡಿದರೆ ಏನು ತಿಂದಿತ್ತು ಎಂದು ಹೇಳುತ್ತದೆ. ಬೆಟ್ಟದಲ್ಲಿ ಎಷ್ಟು ಸಿಂಹಗಳಿವೆ, ಅವು ಏನು ತಿಂದು ಬದುಕಿವೆ ಎಂದು ಲಾ ಪಾಸಿನ ಲ್ಯಾಬಿನಲ್ಲಿ ಕುಳಿತೇ ಲೆಕ್ಕ ಹಾಕುತ್ತಾರೆ.

"ಒಳಗಡೆ ಇದ್ದದ್ದು ಬರೀ ಬೆಟ್ಟದ ಟಗರು. ಆಡಿನ ಗುರುತು ಇದ್ದದ್ದು ಹೊರಗಡೆ ಮಾತ್ರ. ಅತ್ತೆ, ಲಿಬ್ರಾದೊ ನಮ್ಮ ಲ್ಯಾಬಿಗೆ ಹಿಕ್ಕೆ ಹೇಗೆ ಕಟ್ಟಿ ತರ್ತಿದ್ದ, ನೆನಪಿದೆಯಾ?"

ಈಗ ಕಾಸಿಲ್ದಾಳ ಕೈ ನಿಂತಿತು.

"ನನ್ನ ಚೀಸಿನ ಬಟ್ಟೇಲಿ," ಎಂದಳು ಮೆಲ್ಲಗೆ. "ಕಳ್ಳ ಭಡವ. ಒಗೆದು ಒಣಗಿಸಿಟ್ಟರೆ ಸಾಕು, ಎತ್ಕೊಂಡು ಹೋಗ್ತಿದ್ದ."

ಆ ಕಥೆ ಬೆಟ್ಟಕ್ಕೆಲ್ಲ ಗೊತ್ತು. ಲಿಬ್ರಾದೊ ಹಿಕ್ಕೆ ಹುಡುಕುವ ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನು ತಂದ ಒಂದೊಂದರಲ್ಲೂ ಆಡಿನ ಗುರುತು. ಲ್ಯಾಬಿನ ದೊಡ್ಡವರು, ಈ ಬೆಟ್ಟದ ಸಿಂಹಗಳು ಆಡು ತಿಂದೇ ಬದುಕಿವೆ ಎಂದು ಬರೆದೇಬಿಟ್ಟರು. ಆಡು ಸಾಕುವವರು ಬಂದೂಕಿಗೆ ಎಣ್ಣೆ ಹಾಕಿದರು. ಏನೋ ಎಡವಟ್ಟಾಗಿದೆ ಎಂದು ಸೆನೈದಾ ತಾನೇ ಬೆಟ್ಟ ಹತ್ತಿ ಬಂದು ನೋಡಿದರೆ, ಈ ಮಹಾಶಯ ಸಿಂಹದ ಹಿಕ್ಕೆಯನ್ನು ಅಮ್ಮನ ಚೀಸ್ ಹಿಂಡುವ ಬಟ್ಟೆಯಲ್ಲಿ ನೈವೇದ್ಯದ ಹಾಗೆ ಕಟ್ಟಿಕೊಂಡು ಬರುತ್ತಿದ್ದಾನೆ!

"ಸಿಂಹದ ವಸ್ತು ಕಣೇ. ಅದನ್ನ ಕೊಳಕು ಚೀಲದಲ್ಲಿ ಹಾಕೋಕಾಗುತ್ತಾ? ಮನೇಲಿ ಇದಕ್ಕಿಂತ ಚೊಕ್ಕಟವಾದ ಬಟ್ಟೆ ಇನ್ನೊಂದಿಲ್ಲ," ಅಂದಿದ್ದ. ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಆ ಮುಖಕ್ಕೇ ಅವಳು ಸೋತದ್ದು.

ಲ್ಯಾಬಿನಿಂದ ಕಾಗದದ ಚೀಲ ಕೊಟ್ಟರು. ಅವನು ಅವನ್ನು ಒಲೆ ಹೊತ್ತಿಸಲು ಇಟ್ಟುಕೊಂಡ. ಕಡೆಗೆ ಸೋತವರು ಲ್ಯಾಬಿನವರೇ. ಕಾಸಿಲ್ದಾಳ ಆಡುಗಳು ಬೇರೆಯವರ ಆಡುಗಳಂತಲ್ಲ. ಅಜ್ಜಿಯ ಅಜ್ಜಿಯ ಕಾಲದಿಂದ ಹೊರಗಿನ ಹೆಣ್ಣು ಆಡನ್ನು ಆ ಮಂದೆಗೆ ಸೇರಿಸಿದವರಿಲ್ಲ. ತಾಯಿಯಿಂದ ಮಗಳಿಗೆ ಇಳಿಯುವ ಅವುಗಳ ಗುರುತು ಬೆಟ್ಟಸಾಲಿನಲ್ಲಿ ಇನ್ನೆಲ್ಲೂ ಇಲ್ಲ. ಹೊರಮೈ ಮೇಲೆ ಆ ಗುರುತು ಕಂಡರೆ ಲ್ಯಾಬಿನವರು, "ಓ, ಇದು ಲಿಬ್ರಾದೊ ತಂದದ್ದು," ಎಂದು ನಕ್ಕು, ಆ ಆಡಿನ ಗುರುತನ್ನು ಲೆಕ್ಕದಿಂದ ತೆಗೆದುಹಾಕುತ್ತಿದ್ದರು.

ವರ್ಷವಿಡೀ ಆ ಗುರುತು ಬಂದಿರಲಿಲ್ಲ. ಯಾರೇ ತಂದ ಹಿಕ್ಕೆಯಿರಲಿ, ಸೆನೈದಾ ಮೊದಲು ಹುಡುಕುತ್ತಿದ್ದುದು ಸಿಂಹವನ್ನಲ್ಲ, ಆ ಆಡುಗಳನ್ನು. ಇಲ್ಲ, ಇಲ್ಲ, ಇದರಲ್ಲೂ ಇಲ್ಲ. ಹಾಳು ಆಸೆ, ಸಾಯುವುದೂ ಇಲ್ಲ, ಬದುಕಲು ಬಿಡುವುದೂ ಇಲ್ಲ. ಹೋದ ವಾರ ಅದು ಕಂಪ್ಯೂಟರಿನ ಪರದೆಯ ಮೇಲೆ ಕಂಡಿತು. ಮತ್ತೆ ಮೊದಲಿಂದ ಪರೀಕ್ಷೆ ಮಾಡಿದಳು. ಮತ್ತೆ ಅದೇ ಬಂತು.

"ನನ್ನ ಹಳೇ ಬಟ್ಟೆ ಯಾವುದೋ ಅವರಿವರ ಕೈಗೆ ಸಿಕ್ಕಿರಬೇಕು," ಎಂದಳು ಕಾಸಿಲ್ದಾ. ಆಸೆಯನ್ನು ಹೊಸಿಲಲ್ಲೇ ತಡೆದು ನಿಲ್ಲಿಸುವ ದನಿ ಅದು.

"ಒಗೆದು ಬಿಸಿಲಿಗೆ ಹಾಕಿದ ಹಳೇ ಬಟ್ಟೇಲಿ ಏನು ಉಳಿಯುತ್ತೆ ಅತ್ತೆ? ಎಲ್ಲೋ ಚೂರುಪಾರು. ಇದು ಹಾಗಿಲ್ಲ. ಹಸೀ ಹಾಲು. ಯಾರೋ ಈಗ, ಈ ದಿನಗಳಲ್ಲಿ, ನಿಮ್ಮ ಆಡು ಕರೀತಿದ್ದಾರೆ."

ಕಾವಲಿಯ ಮೇಲೆ ರೊಟ್ಟಿ ಸೀದು ಹೊಗೆಯಾಡಿತು. ಕಾಸಿಲ್ದಾ ಬರಿಗೈಯಲ್ಲೇ ಅದನ್ನು ತೆಗೆದು ಕುಂಟ ಆಡಿನತ್ತ ಎಸೆದಳು. ಗೂಟದಲ್ಲಿದ್ದ ಶಾಲು ತೆಗೆದು ಹೊದ್ದಳು.

"ಎಲ್ಲಿ ಸಿಕ್ತು ಅಂದ ನಿಕಾಸಿಯೊ?"

"ಪಶ್ಚಿಮದ ಮೆಸ್ಕಾಲ್ ಹಳ್ಳದಲ್ಲಂತೆ."

"ಅವನನ್ನೇ ಕೇಳೋಣ ನಡಿ. ಹೇಸರಗತ್ತೆಗೆ ಜೀನು ಹಾಕು."

*

ನಿಕಾಸಿಯೊನ ಹಟ್ಟಿ ಎಲ್ ಬತೇಕೆಗೆ ಜೀಪು ಹೋಗುವ ದಾರಿಯಿಲ್ಲ. ಕಾಸಿಲ್ದಾ ಮಗನ ಹೇಸರಗತ್ತೆಯ ಮೇಲೆ, ಸೆನೈದಾ ಹಿಂದೆ ಇನ್ನೊಂದರ ಮೇಲೆ. ಮುಳ್ಳಿಗೆ ತಡೆಯಾಗಿ ಕಾಲಿಗೆ ಇಳಿಬಿಟ್ಟ ತೊಗಲಿನ ಹೊದಿಕೆ ಬಿಸಿಲಿಗೆ ಕಾದು ತೊಡೆ ಸುಡುತ್ತಿತ್ತು. ಕಂಬದಂಥ ಕಾರ್ದೋನ್ ಕಳ್ಳಿಗಳ ತುದಿಯಲ್ಲಿ ರಣಹದ್ದುಗಳು ರೆಕ್ಕೆ ಬಿಚ್ಚಿ ಕುಳಿತಿದ್ದವು.

"ನಿಕಾಸಿಯೊ ನಿನ್ನ ಕೇಳಿದಾನಂತೆ," ಎಂದಳು ಕಾಸಿಲ್ದಾ, ಹಿಂದೆ ತಿರುಗದೆ.

ಸೆನೈದಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಹೂಂ."

"ಏನಂದೆ?"

"ಭಾನುವಾರ ಆಗಲಿ ಅಂದೆ."

"ತಪ್ಪಿಲ್ಲ ಬಿಡು. ಬದುಕಿರೋರು ಎಷ್ಟು ದಿನ ಅಂತ ದಾರಿ ನೋಡ್ಬೇಕು? ಒಳ್ಳೇ ಹುಡುಗ. ಕುಡಿಯಲ್ಲ, ಬಡಿಯಲ್ಲ. ನಾಯೀನೂ ಬಹುವಚನದಲ್ಲಿ ಮಾತಾಡಿಸ್ತಾನೆ." ಸ್ವಲ್ಪ ದೂರ ಹೋಗಿ ಮತ್ತೆ ಎಂದಳು, "ಆದ್ರೂ ನೀನು ನನ್ನ ಅತ್ತೆ ಅನ್ನೋದು ಬಿಡಲಿಲ್ಲ. ಉಂಗುರ ಇಲ್ಲ, ಮದುವೆ ಇಲ್ಲ, ಅತ್ತೆಯಂತೆ ಅತ್ತೆ."

"ಬಾಯಿ ಬರಲ್ಲ ಅತ್ತೆ, ಬೇರೆ ಏನಂತ ಕರೀಲಿ?"

ಮುದುಕಿಯ ಭುಜ ಒಮ್ಮೆ ಅಲುಗಿದ್ದು ಕಂಡಿತು. ಅದು ನಗುವೋ ಅಳುವೋ ಹಿಂದಿನಿಂದ ಹೇಗೆ ಹೇಳುವುದು.

ನಿಕಾಸಿಯೊ ಮೇಲೆ ಸೆನೈದಾಳಿಗೆ ಪ್ರೀತಿ ಇರಲಿಲ್ಲ. ಅದನ್ನು ಅವನಿಗೇ ಹೇಳಿದ್ದಳು. ಆದರೆ ಇಲ್ಲದವನೊಬ್ಬನ ಜೊತೆ ದಿನ ತೆಗೆದು ತೆಗೆದು ಅವಳು ದಣಿದಿದ್ದಳು. ಲಾ ಪಾಸಿನ ಸಮುದ್ರದಂಡೆಯಲ್ಲಿ ಜೋಡಿಗಳು ಕೈಹಿಡಿದು ಹೋಗುವುದನ್ನು ಕಂಡರೆ ತೊಗಲು, ಹೊಗೆ, ಹೇಸರಗತ್ತೆಯ ಬೆವರು ಬೆರೆತ ಲಿಬ್ರಾದೊನ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತಿತ್ತು. ನೀನು ಪೇಟೆಗೆ ಬಾ ಎಂದು ಅವಳು, ನೀನು ಬೆಟ್ಟಕ್ಕೆ ಬಾ ಎಂದು ಅವನು. ಕಡೆಯ ಸಲ ಜಗಳವಾಡಿಕೊಂಡೇ ಬೇರೆಯಾಗಿದ್ದರು. ಒಂದೇ ಒಂದು ಸಲ ಎದುರಿಗೆ ಬಂದರೆ ಸಾಕು, ನೀನು ಹೇಳಿದ್ದೇ ಸರಿ ಕಣೋ ಅನ್ನುತ್ತೇನೆ ಎಂದು ಅವಳು ಎಷ್ಟು ಸಲ ಗೋಡೆಗೆ ಹೇಳಿದ್ದಳೋ.

*

ನಿಕಾಸಿಯೊ ತೊಗಲು ಹದ ಮಾಡುತ್ತಿದ್ದ. ಮರದ ತೊಗಟೆ ನೆನೆಸಿದ ಕೆಂಪು ನೀರಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ನಿಂತಿದ್ದವನು ಹೇಸರಗತ್ತೆಗಳನ್ನು ಕಂಡು ಮುಖವರಳಿಸಿದ. ಸೆನೈದಾಳನ್ನು ಕಂಡು ಇನ್ನಷ್ಟು ಅರಳಿಸಿದ. ಕಾಸಿಲ್ದಾಳ ಮುಖ ನೋಡಿ ಅರಳಿದ್ದನ್ನು ಅರ್ಧಕ್ಕೇ ಮುದುಡಿಕೊಂಡ.

"ಬನ್ನಿ ದೋನ್ಯಾ, ಬನ್ನಿ ಅಮ್ಮಾ. ಏಯ್, ಸುಮ್ನಿರ್ರೀ!" ಎಂದ ನಾಯಿಗಳಿಗೆ. "ನೆರಳಿಗೆ ಬನ್ನಿ. ಕಾಫಿ ಕಾಸ್ತೀನಿ."

ಹುಲ್ಲು ಚಪ್ಪರದ ಕೆಳಗೆ ಕುಳಿತರು. ಸಕ್ಕರೆ ಹಾಕಿ ಹುರಿದ ಕಾಫಿಯ ಘಮ ಬಂತು. ಕಪ್ಪು ತಂದಿಟ್ಟ. ಒಂದು ತಟ್ಟೆಯಲ್ಲಿ ಖರ್ಜೂರ. ಸೆನೈದಾ ಒಂದು ಗುಟುಕು ಕುಡಿದಳು. ಕಾಸಿಲ್ದಾ ಕಪ್ಪನ್ನು ಬೆರಳ ತುದಿಯಲ್ಲಿ ದೂರ ತಳ್ಳಿದಳು.

ಈ ಬೆಟ್ಟದಲ್ಲಿ ಕಾಫಿ ಬೇಡವೆನ್ನುವುದೂ ಒಂದೇ, ಮುಖಕ್ಕೆ ಉಗಿಯುವುದೂ ಒಂದೇ. ಕುಲವೈರಿಯ ಮನೆಯಲ್ಲೂ ಮೊದಲು ಕಾಫಿ ಕುಡಿದು ಆಮೇಲೆ ಜಗಳ ತೆಗೆಯುವುದು ಪದ್ಧತಿ. ನಿಕಾಸಿಯೊ ಆ ಕಪ್ಪನ್ನೇ ನೋಡುತ್ತಾ ನಿಂತ.

"ಏನಾಯ್ತು ದೋನ್ಯಾ? ನನ್ನಿಂದ ಏನು ತಪ್ಪಾಯ್ತು?"

"ಅದನ್ನ ನೀನೇ ಹೇಳು. ನಾನು ಬಾಯಾರಿಕೆ ತಡ್ಕೊಂಡು ಕೂತಿರ್ತೀನಿ."

ಸೆನೈದಾ ಕಪ್ಪು ಕೆಳಗಿಟ್ಟಳು. "ನಿಕಾಸಿಯೊ, ಕಡೇ ಸಲ ಕಳಿಸಿದೆಯಲ್ಲ, ಆ ಹಿಕ್ಕೆ ಮೆಸ್ಕಾಲ್ ಹಳ್ಳದಲ್ಲಿ ಯಾವ ಜಾಗದಲ್ಲಿ ಸಿಕ್ತು?"

"ಅದೇ... ನೀರು ನಿಲ್ಲೋ ಕಲ್ಲುಬಾನಿ ಇದೆಯಲ್ಲ, ಅದರ ಮೇಲಿನ ದಾರೀಲಿ. ಯಾಕೆ?"

"ಅದರೊಳಗೆ ಏನಿತ್ತು ಗೊತ್ತಾ? ಬೆಟ್ಟದ ಟಗರು."

ಅವನು ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. ಸುರುಳಿಗೊಂಬಿನ ಆ ಟಗರುಗಳು ಇರುವುದು ಪೂರ್ವದ ಕಡಿದಾದ ಬಂಡೆಗಳಲ್ಲಿ, ಕೊಲ್ಲಿಯ ನೀರು ಕಾಣುವ ಕಡೆ. ಪಶ್ಚಿಮದ ಹಳ್ಳಗಳಲ್ಲಿ ಅವನ್ನು ಕಂಡವರಿಲ್ಲ. ಇದು ಎಳೆ ಮಕ್ಕಳಿಗೂ ಗೊತ್ತು.

"ಸಿಂಹಕ್ಕೆ ಕಾಲಿಲ್ವಾ? ಅಲ್ಲಿ ತಿಂದು ಇಲ್ಲಿಗೆ ಬಂದಿರುತ್ತೆ," ಎಂದ.

"ಗಂಡಾಗಿದ್ರೆ ಒಪ್ಕೋತಿದ್ದೆ. ಗಂಡು ಊರೂರು ತಿರುಗುತ್ತೆ. ಇವಳು ಹೆಣ್ಣು. ನಮ್ಮ ಹಳೇ ಪರಿಚಯದವಳು. ಕಾಣದವಳು."

ಆ ಹೆಸರು ಕೇಳಿದ್ದೇ ನಿಕಾಸಿಯೊ ತಲೆ ತಗ್ಗಿಸಿದ. ಲಿಬ್ರಾದೊ ಇಟ್ಟ ಹೆಸರು ಅದು. ವರ್ಷಗಟ್ಟಲೆ ಅವಳ ಹಿಕ್ಕೆ ಸಿಕ್ಕಿದೆ. ಅವಳ ತಾಯಿ ಯಾರು, ಮರಿ ಎಷ್ಟು, ಯಾವಾಗ ಏನು ತಿಂದಳು ಎಲ್ಲ ಗೊತ್ತು. ಅವಳನ್ನು ಕಣ್ಣಲ್ಲಿ ಕಂಡವರಿಲ್ಲ. "ಬಿಟ್ಟು ಹೋದದ್ದರಿಂದಲೇ ಒಬ್ಬಳನ್ನ ಇಷ್ಟು ತಿಳ್ಕೋಬಹುದು ನೋಡು," ಎಂದು ಲಿಬ್ರಾದೊ ಹೇಳುತ್ತಿದ್ದ. ಆ ಮಾತು ತನಗೇ ಬಂದು ಬಡಿಯುತ್ತದೆಂದು ಆಗ ಸೆನೈದಾಳಿಗೆ ಹೊಳೆದಿರಲಿಲ್ಲ.

"ಅವಳ ಹಿಕ್ಕೆ ಒಂದು ಸಲ ಕೂಡ ಪಶ್ಚಿಮದಲ್ಲಿ ಸಿಕ್ಕಿಲ್ಲ. ಎಲ್ಲಾ ಪೂರ್ವದ ಬಂಡೆಗಳಲ್ಲೇ, ಎರಡು ಚಿಲುಮೆಗಳ ನಡುವೆ. ಆ ಕಡೆ ನೀನು ಮಳೆಯಾದ ಮೇಲೆ ಕಾಲೇ ಇಟ್ಟಿಲ್ಲ, ದಾರಿ ಕುಸಿದಿದೆ ಅಂತ ನೀನೇ ಹೇಳಿದ್ದೆ. ಹಾಗಿದ್ರೆ ಇದು ನಿನ್ನ ಕೈಗೆ ಹೇಗೆ ಬಂತು?"

"ನಾಯಿಗಳು ಏನಾದ್ರೂ ಕಚ್ಕೊಂಡು..."

"ನಾಯಿಗಳು ಅದನ್ನ ಚೀಸಿನ ಬಟ್ಟೇಲಿ ಕಟ್ಕೊಂಡು ಬಂದ್ವೇನೋ?" ಎಂದಳು ಕಾಸಿಲ್ದಾ.

ನಿಕಾಸಿಯೊ ಮೆಲ್ಲಗೆ ಹಿಂದಿನ ಕಂಬಕ್ಕೆ ಒರಗಿ, ಹಾಗೇ ಜಾರಿ ನೆಲಕ್ಕೆ ಕುಳಿತ.

"ಗೇಟಲ್ಲಿತ್ತು," ಎಂದ. "ಬೆಳಿಗ್ಗೆ ಎದ್ದು ನೋಡಿದ್ರೆ ಗೇಟಿಗೆ ಗಂಟು ಕಟ್ಟಿತ್ತು. ಯಾರೂ ಇರಲಿಲ್ಲ. ನಾಯಿಗಳು ಒಂದು ಸಲ ಕೂಡ ಬೊಗಳಿರಲಿಲ್ಲ."

"ಯಾರನ್ನ ಕಂಡ್ರೆ ನಿನ್ನ ನಾಯಿ ಬೊಗಳಲ್ಲ?"

ಆ ನಾಯಿಗಳ ಪೈಕಿ ಅರ್ಧ ಲಿಬ್ರಾದೊ ಕೊಟ್ಟ ಮರಿಗಳು.

ಕಾಸಿಲ್ದಾ ಎದ್ದು ಅವನ ಎದುರಿಗೆ ಬಂದು ನಿಂತಳು. ಅವಳ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು.

"ಲೋ ನಿಕಾಸಿಯೊ. ನೀರಿನಲ್ಲಿ ಹೋಗಿದ್ದು ಕಣ್ಣಾರೆ ಕಂಡೆ ಅಂದೆಯಲ್ಲೋ. ದೇವರ ಮುಂದೆ ಆಣೆ ಹಾಕಿದೆಯಲ್ಲೋ. ಏನು ಕಂಡೆ?"

"ಟೋಪಿ ಕಂಡೆ."

"ಟೋಪಿ ಮಾತ್ರನಾ?"

"ಟೋಪಿ ಮಾತ್ರ."

"ಅಯ್ಯೋ ಪಾಪಿ! ಒಂದು ಟೋಪಿಗೆ ನನ್ನ ಕೈಲಿ ಶಿಲುಬೆ ನೆಡಿಸಿದೆಯಲ್ಲೋ!"

"ನೀವು ದಿನಾ ಆ ದಿಬ್ಬದ ಮೇಲೆ ಕೂತು ದಾರಿ ನೋಡ್ತಿದ್ರಿ ದೋನ್ಯಾ. ಊಟ ಬಿಟ್ಟಿದ್ರಿ. ಒಂದು ಮಾತಲ್ಲಿ ಮುಗಿದ್ರೆ ಸಾಕು ಅಂದ್ಕೊಂಡೆ. ಅವನು ಬದುಕಿರಬಹುದು ಅಂತ ಆಗ ಯಾರಿಗೆ ಗೊತ್ತಿತ್ತು?"

"ಗೇಟಲ್ಲಿ ಗಂಟು ಕಂಡಾಗ ಗೊತ್ತಾಯ್ತಲ್ಲ?" ಎಂದಳು ಸೆನೈದಾ. "ಆಗ ಯಾಕೆ ಬಾಯಿ ಬಿಡಲಿಲ್ಲ?"

ನಿಕಾಸಿಯೊ ಈಗ ಅವಳನ್ನು ನೇರ ನೋಡಿದ. ತೊಗಟೆಯ ಕೆಂಪು ಮೊಣಕೈವರೆಗೆ ಅಂಟಿದ್ದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಭಾನುವಾರದವರೆಗೆ ಸುಮ್ಮನಿದ್ರೆ ಸಾಕಾಗಿತ್ತು ನನಗೆ. ನೀನು ಅವನಿಗೆ ಕಾಯೋಕೆ ಶುರು ಮಾಡೋದಕ್ಕಿಂತ ಮುಂಚಿಂದ ನಾನು ನಿನಗೆ ಕಾದಿದ್ದೀನಿ, ಸೆನೈದಾ. ಶಾಲೇಲಿ ಒಂದೇ ಬೆಂಚಿನಲ್ಲಿ ಕೂತಾಗಿಂದ. ನನ್ನದೂ ಒಂದು ಸಲ ಆಗಲಿ ಅನ್ನಿಸ್ತು. ಅಷ್ಟೇ."

"ಹಾಗಿದ್ರೆ ಲ್ಯಾಬಿಗೆ ಯಾಕೆ ಕಳಿಸಿದೆ? ಬಿಸಾಕಬಹುದಿತ್ತಲ್ಲ?"

"ಬಟ್ಟೆ ಬಚ್ಚಿಟ್ಟೆ. ಒಳಗಿದ್ದದ್ದನ್ನ ಬಿಸಾಕೋಕೆ ಆಗಲಿಲ್ಲ. ಅದು ಅವನು ನಿನಗೆ ಅಂತ ಕಳಿಸಿದ್ದು. ನನಗಲ್ಲ. ಕಾಗದದ ಚೀಲಕ್ಕೆ ಹಾಕಿದ್ರೆ ಏನೂ ಗೊತ್ತಾಗಲ್ಲ, ನಿನ್ನ ಕೆಲಸಾನೂ ನಡೆಯುತ್ತೆ ಅಂದ್ಕೊಂಡೆ."

ಸೆನೈದಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಮರುಗಳಿಗೆ ಅವನ ಪಕ್ಕ ಕುಳಿತು ಅತ್ತುಬಿಡಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಕಾಯುವುದೆಂದರೆ ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಈ ಮನುಷ್ಯ ಇನ್ನೂ ಏನೇನು ನುಂಗಿಕೊಂಡಿದ್ದಾನೋ ಎಂಬ ಅನುಮಾನ ಮನಸ್ಸಿನಿಂದ ಹೋಗಲಿಲ್ಲ. ಟೋಪಿ ಮಾತ್ರ ಕಂಡೆ ಎನ್ನುತ್ತಾನೆ. ಆ ದಿನ ಕಮರಿಯ ಬಾಯಲ್ಲಿ ಇವನು ಒಬ್ಬನೇ ಇದ್ದ.

"ಬಟ್ಟೆ ತಗೊಂಡು ಬಾ," ಎಂದಳು.

*

ಜೀನಿನ ಕೋಣೆಯಲ್ಲಿ, ಕಂಬಳಿಗಳ ಅಡಿಯಲ್ಲಿ ಇಟ್ಟಿದ್ದ. ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟ. ಸಣ್ಣ ಬಟ್ಟೆ, ಹಾಲಿನ ಕೆನೆ ಅಂಟಿ ಹಳದಿಗಟ್ಟಿತ್ತು. ಗಂಟು ಹಾಗೇ ಇತ್ತು. ಪಕ್ಕದಲ್ಲಿ ಚಾಕುವಿನಿಂದ ಸೀಳಿದ ಬಾಯಿ.

"ಗಂಟು ಬಿಚ್ಚೋಕೆ ಮನಸ್ಸು ಬರಲಿಲ್ಲ," ಎಂದ.

ಕಾಸಿಲ್ದಾ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಆಚೆ ನಾಯಿಗಳು ಆಕಳಿಸಿದವು, ಕಾಫಿ ಆರಿತು.

"ನನ್ನ ಆಡುಗಳೇ," ಎಂದಳು. "ಆದ್ರೆ ಉಪ್ಪು ಕಡಿಮೆ ಹಾಕಿದಾರೆ."

ಸೆನೈದಾಳಿಗೆ ಅಳು ನಗು ಒಟ್ಟಿಗೇ ಬಂದವು. ಲ್ಯಾಬಿನ ಯಂತ್ರದ ಮಾತನ್ನು ಅವಳು ಹೋದ ವಾರವೇ ನಂಬಿದ್ದಳು. ಆದರೆ ಬಟ್ಟೆ ಕಣ್ಣೆದುರಿಗೆ ಬಂದಾಗಲೇ ಎದೆ ನಂಬಿದ್ದು. ಬದುಕಿದ್ದಾನೆ. ಲಿಬ್ರಾದೊ ಬದುಕಿದ್ದಾನೆ. ಕಾಣದವಳು ಓಡಾಡುವ ಆ ಎರಡು ಚಿಲುಮೆಗಳ ನಡುವೆ ಎಲ್ಲೋ ಅವನೂ ಓಡಾಡುತ್ತಿದ್ದಾನೆ. ಹಾಗಾದರೆ ಮನೆಗೆ ಯಾಕೆ ಬರಲಿಲ್ಲ?

"ಹುಡುಗಿ, ಇಲ್ಲಿ ನೋಡು."

ಕಾಸಿಲ್ದಾ ಗಂಟನ್ನು ಬೆಳಕಿಗೆ ಹಿಡಿದಿದ್ದಳು. ಅವಳ ದನಿ ಬೇರೆಯಾಗಿತ್ತು. ಗಂಟಿನ ಒಂದು ತುದಿ ನೇರವಾಗಿತ್ತು. ಇನ್ನೊಂದು ತುದಿ ಜಗಿದು ಜಗಿದು ನಾರು ಬಿಟ್ಟಿತ್ತು. ಹಲ್ಲಿನ ಗುರುತು ಕಾಣುತ್ತಿತ್ತು.

"ನಮ್ಮಪ್ಪ ಹೀಗೇ ಗಂಟು ಹಾಕ್ತಿದ್ದ. ಹೋರಿಗೆ ಹಗ್ಗ ಎಸೆದು ಜೀನಿನ ಗೂಟಕ್ಕೆ ಸುತ್ತೋವಾಗ ಕೈ ಸಿಕ್ಕಿ ಹೋಯ್ತಲ್ಲ, ಆಮೇಲಿಂದ. ಒಂದು ತುದಿ ಕೈಲಿ, ಇನ್ನೊಂದು ತುದಿ ಹಲ್ಲಲ್ಲಿ." ಅವಳು ಜಗಿದ ತುದಿಯನ್ನು ಬೆರಳಲ್ಲಿ ಸವರಿದಳು. "ನನ್ನ ಮಗನಿಗೆ ಒಂದೇ ಕೈ ಉಳಿದಿದೆ ಕಣೇ."

ನಿಕಾಸಿಯೊ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಕಾಸಿಲ್ದಾ ಅಳಲಿಲ್ಲ. ಬಟ್ಟೆಯನ್ನು ಸೆನೈದಾಳ ಕೈಗೆ ಹಾಕಿ ಹೇಸರಗತ್ತೆಯ ಕಡೆ ದಡದಡ ನಡೆದಳು. ವರ್ಷದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು.

"ಕೈ ಹೋದ್ರೆ ಹೋಗಲಿ! ಜೀವ ಇದೆಯಲ್ಲ! ಅದಕ್ಕೇ ನಾಚ್ಕೊಂಡು ಕೂತಿದಾನೆ ಪೆದ್ದ, ಒಂದು ಕೈಯಿಟ್ಕೊಂಡು ಅಮ್ಮನ ಹತ್ತಿರ, ನಿನ್ನ ಹತ್ತಿರ ಹೇಗೆ ಬರೋದು ಅಂತ!" ಜೀನಿನ ಪಟ್ಟಿ ಬಿಗಿಯುತ್ತಾ ಅವಳ ಬಾಯಿ ನಿಲ್ಲಲೇ ಇಲ್ಲ. "ನಮ್ಮಪ್ಪ ಒಂದು ಕೈಲಿ ಏನೇನು ಮಾಡ್ತಿರಲಿಲ್ಲ? ಆಡು ಕರೀತಿದ್ದ, ಜೀನು ಹಾಕ್ತಿದ್ದ, ಕುಣೀತಿದ್ದ ಕೂಡ! ಆಗದೆ ಇದ್ದದ್ದು ಒಂದೇ, ಚೀಸ್ ಹಿಂಡೋದು. ಅದಕ್ಕೆ ಎರಡು ಕೈ ಬೇಕಲ್ಲ. ಅದನ್ನ ಮಾತ್ರ ನಮ್ಮಮ್ಮನೇ ಮಾಡ್ಕೊಡ್ತಿದ್ಲು."

ಸೆನೈದಾ ಕೈಲಿದ್ದ ಬಟ್ಟೆಯನ್ನು ನೋಡಿದಳು.

ಗಂಟಿನ ಕೆಳಗೆ ನಿರಿಗೆಗಳಿದ್ದವು. ಬಟ್ಟೆಯ ಕತ್ತು ಹಿಡಿದು, ಕಡೆಯ ಹನಿ ಇಳಿಯುವವರೆಗೂ ತಿರುಚಿ ತಿರುಚಿ ಹಿಂಡಿದ ನಿರಿಗೆಗಳು. ಒಣಗಿದರೂ ಬಿಚ್ಚದಷ್ಟು ಬಿಗಿಯಾದವು. ಹಾಗೆ ಹಿಂಡುವುದನ್ನು ಈ ಮುದುಕಿಯೇ ಅವಳಿಗೆ ಕಲಿಸಿದ್ದಳು. ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುಚಬೇಕು.

ನಿಕಾಸಿಯೊ ಅವಳ ಭುಜದ ಮೇಲಿಂದ ಅದನ್ನೇ ನೋಡುತ್ತಿದ್ದ. ಅವನಿಗೂ ತಿಳಿಯಿತು.

"ದೋನ್ಯಾ," ಎಂದು ಕೂಗಿದ, "ಹಾಗಿದ್ರೆ ಇದನ್ನ ಹಿಂಡಿದ್ದು ಯಾರು?"

ಜೀನಿನ ಮೇಲೆ ಆಗಲೇ ಕುಳಿತಿದ್ದ ಕಾಸಿಲ್ದಾ ತಿರುಗಿ ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲೂ ಏನೋ ಸುಳಿಯಿತು. ಆಮೇಲೆ ತಾಯಿಯೇ ಗೆದ್ದಳು.

"ಯಾರಾದರೇನು? ನನ್ನ ಮಗನ ಬಾಯಿಗೆ ತುತ್ತು ಇಟ್ಟ ಕೈ. ಅವಳ ಹೊಟ್ಟೆ ತಣ್ಣಗಿರಲಿ." ಹೇಸರಗತ್ತೆಯ ಮೂತಿಯನ್ನು ಪೂರ್ವಕ್ಕೆ ತಿರುಗಿಸಿದಳು. "ನೀನು ಬರ್ತೀಯೇನೇ ಇಲ್ಲಾ ಇಲ್ಲೇ ನಿಂತಿರ್ತೀಯಾ?"

ಆ ಹರಕೆಗೆ ಆಮೆನ್ ಎನ್ನಲು ಸೆನೈದಾಳಿಗೆ ಬಾಯಿ ಬರಲಿಲ್ಲ. ವರ್ಷವೆಲ್ಲ ಅವಳು ದೇವರ ಮುಂದೆ ಇಟ್ಟದ್ದು ಒಂದೇ ಬೇಡಿಕೆ, ಅವನು ಬದುಕಿದ್ದರೆ ಸಾಕು, ಇನ್ನೇನೂ ಬೇಡ ಎಂದು. ದೇವರು ಅಷ್ಟನ್ನೇ ಕೊಟ್ಟಿದ್ದ. ಅವಳು ಬಟ್ಟೆ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಯಾರದೋ ಕೈ ಹಿಂಡಿದ ಆ ನಿರಿಗೆಗಳು ಎದೆಗೆ ಒತ್ತುತ್ತಿರುವಂತೆಯೇ ರಿಕಾಬಿಗೆ ಕಾಲಿಟ್ಟಳು.